ವೇಳಾಪಟ್ಟಿಯಲ್ಲಿಲ್ಲದ ಶತ್ರು

ಸಮರಾಭ್ಯಾಸದಲ್ಲಿ ಶತ್ರು ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ ಬರುತ್ತಾನೆಂಬುದು ಮೊದಲೇ ಬರೆದಿಟ್ಟಿರುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಒಂದು ಬೆಟ್ಟ ಆ ಬರಹದ ಮೇಲೆ ಬೂದಿ ಎರಚಿತು.

2010ರ ಏಪ್ರಿಲ್ 15, ಗುರುವಾರ ಬೆಳಿಗ್ಗೆ. ಉತ್ತರ ಫಿನ್ಲೆಂಡಿನಲ್ಲಿ ಆ ದೇಶದ ವಾಯುಪಡೆಯ ಎಫ್‌-18 ಹಾರ್ನೆಟ್ ವಿಮಾನಗಳು ಎಂದಿನ ತರಬೇತಿಗೆಂದು ಹಾರಿ ಇಳಿದವು. ಹಾರಾಟಕ್ಕೆ ನಿರ್ಬಂಧ ಬೀಳಲು ಇನ್ನೂ ಕೆಲವು ಗಂಟೆಗಳಿದ್ದವು. ಆದರೆ ಎಂಜಿನ್ ಬಿಚ್ಚಿ ನೋಡಿದವರಿಗೆ ಬೇರೆಯೇ ಕಥೆ ಕಂಡಿತು. ಒಳಗಿನ ಲೋಹದ ಮೈಗೆ ಏನೋ ಕರಗಿ, ಹರಿದು, ಮತ್ತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸುಮಾರು 2,000 ಕಿಲೋಮೀಟರ್ ದೂರದ ಐಸ್‌ಲೆಂಡಿನಲ್ಲಿ ಹಿಂದಿನ ದಿನವಷ್ಟೇ ಬಾಯ್ತೆರೆದಿದ್ದ ಜ್ವಾಲಾಮುಖಿಯ ಬೂದಿ ಅದು. ಫಿನ್ಲೆಂಡಿನ ವಾಯುಪಡೆ ಮುಚ್ಚಿಡದೆ ಆ ಚಿತ್ರಗಳನ್ನು ಪ್ರಕಟಿಸಿತು. ಯುರೋಪಿನ ವಾಯುನೆಲೆಗಳಲ್ಲೆಲ್ಲ ಅವೇ ಮಾತಾದವು.

ಆ ವಾರ ಯುರೋಪಿನ ಸೇನೆಗಳಿಗೆ ಬಿಡುವಿರಲಿಲ್ಲ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ‘ಜಾಯಿಂಟ್ ವಾರಿಯರ್’ ಸಮರಾಭ್ಯಾಸ ನಡೆಯುತ್ತಿತ್ತು. ಬ್ರಿಟನ್ ವರ್ಷಕ್ಕೆರಡು ಬಾರಿ, ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ, ನಡೆಸುತ್ತಿದ್ದ ಈ ಅಭ್ಯಾಸಕ್ಕೆ ಹಲವು ದೇಶಗಳ ನೌಕೆ, ಜಲಾಂತರ್ಗಾಮಿ, ವಿಮಾನ, ಕಾಲಾಳುಗಳು ಸೇರುತ್ತಿದ್ದವು. ಜರ್ಮನಿಯಲ್ಲಿ ನ್ಯಾಟೋ ಒಕ್ಕೂಟದ ‘ಬ್ರಿಲಿಯಂಟ್ ಆರ್ಡೆಂಟ್’ ಎಂಬ ವಾಯು ಸಮರಾಭ್ಯಾಸವೂ ಅದೇ ದಿನಗಳಲ್ಲಿ ನಿಗದಿಯಾಗಿತ್ತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಬ್ರಿಟನ್ನಿನ ಆಕಾಶಕ್ಕೆ ಬೀಗ ಬಿತ್ತು. ಜಾಯಿಂಟ್ ವಾರಿಯರ್‌ನ ಹಡಗುಗಳು ಕಡಲಲ್ಲಿ ಓಡಾಡಿಕೊಂಡಿದ್ದವು. ಅವುಗಳ ಮೇಲೆ ‘ದಾಳಿ’ ಮಾಡಬೇಕಾಗಿದ್ದ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ರಾವಣನ ವೇಷದವನೇ ಬಾರದ ಬಯಲಾಟದಂತಾಯಿತು ಕಥೆ.

ಹೊರನೋಟಕ್ಕೆ ಇದು ಬೂದಿ ಮಾಡಿದ ಅವಾಂತರ. ಒಳಹೊಕ್ಕು ನೋಡಿದರೆ, ಆ ವಾರ ವಿಮಾನಗಳನ್ನು ಕಟ್ಟಿಹಾಕಿದ್ದರಲ್ಲಿ ಬೂದಿಯ ಪಾಲು ಅರ್ಧ. ಇನ್ನರ್ಧ, ಆ ಬೂದಿ ಎಷ್ಟಿದೆಯೆಂದು ಹೇಳಬಲ್ಲವರು ಯಾರೂ ಇರಲಿಲ್ಲವೆಂಬುದು.

ಹೆಸರು ಹೇಳಲಾಗದ ಬೆಟ್ಟ

ಐಸ್‌ಲೆಂಡಿನ ದಕ್ಷಿಣ ತೀರದ ಏಯಾಫ್ಯಾಟ್ಲಾಯೋಕುಟ್ಲ್ ಸುಮಾರು 1,650 ಮೀಟರ್ ಎತ್ತರದ, ತಲೆಯ ಮೇಲೆ ಹಿಮದ ಟೊಪ್ಪಿ ಹೊತ್ತ ಬೆಟ್ಟ. ಜಗತ್ತಿನ ವಾರ್ತಾವಾಚಕರ ನಾಲಿಗೆ ತೊಡರಿಸಿದ ಹೆಸರು ಅದು. ಸಹವಾಸವೇ ಬೇಡವೆಂದು ಕೆಲವರು ‘ಇ-15’ ಎಂದು ಬರೆಯತೊಡಗಿದರು: ಇಂಗ್ಲಿಷಿನ ‘ಇ’ ಅಕ್ಷರ, ಅದರ ಹಿಂದೆ ಇನ್ನೂ ಹದಿನೈದು. ಎಫ್‌-15, ಎಫ್‌-16ಗಳ ಸಾಲಿನಲ್ಲಿ ನಿಲ್ಲಿಸಿದರೆ ಇದೂ ಒಂದು ಯುದ್ಧವಿಮಾನವೇ ಎನ್ನಬೇಕು, ಹಾಗಿತ್ತು ಹೆಸರು.

ಮಾರ್ಚ್ 20ರಂದು ಬೆಟ್ಟದ ಮಗ್ಗುಲಲ್ಲಿ ಹಿಮವಿಲ್ಲದ ಕಡೆ ಮೊದಲ ಬಿರುಕು ಬಿಟ್ಟಾಗ ಯಾರೂ ಹೆದರಲಿಲ್ಲ. ಕೆಂಪು ಲಾವಾದ ಕಾರಂಜಿ ನೋಡಲು ಪ್ರವಾಸಿಗಳೇ ಗುಡ್ಡ ಹತ್ತಿ ಬಂದರು. ಏಪ್ರಿಲ್ 14ರ ನಸುಕಿನಲ್ಲಿ ಶಿಖರವೇ ಸ್ಫೋಟಿಸಿದಾಗ ಆಟ ಬದಲಾಯಿತು. ಅಲ್ಲಿ ಸುಮಾರು 200 ಮೀಟರ್ ದಪ್ಪದ ಹಿಮ ಕೂತಿತ್ತು. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಬಾಣಲೆಯಲ್ಲಿ ಏನಾಗುತ್ತದೆಂದು ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು. ಸಾವಿರ ಡಿಗ್ರಿ ಕಾದ ಶಿಲಾಪಾಕಕ್ಕೆ ಹಿಮ ಕರಗಿದ ನೀರು ತಗುಲಿದಾಗ ನೀರು ಒಮ್ಮೆಲೇ ಆವಿಯಾಯಿತು, ಪಾಕ ಒಮ್ಮೆಲೇ ತಣಿದು ಸಿಡಿಯಿತು. ಕರಗಿದ ಬಂಡೆ ಹರಿಯುವ ಬದಲು ನುಣ್ಣನೆಯ ಪುಡಿಯಾಗಿ ಒಂಬತ್ತು ಕಿಲೋಮೀಟರ್ ಎತ್ತರದವರೆಗೂ ಚಿಮ್ಮಿತು. ಕೆಳಗೆ ಹಿಮ ಕರಗಿದ ಪ್ರವಾಹ ಬಯಲಿಗೆ ನುಗ್ಗಿ, ಸುಮಾರು 800 ಜನರನ್ನು ಮನೆ ಬಿಡಿಸಬೇಕಾಯಿತು. ಸೇತುವೆ ಉಳಿಯಲಿ ಎಂದು ಹೆದ್ದಾರಿಯನ್ನು ಅಧಿಕಾರಿಗಳೇ ಅಗೆಸಿ ನೀರಿಗೆ ದಾರಿ ಮಾಡಿಕೊಟ್ಟರು.

ಸ್ಫೋಟ ಐಸ್‌ಲೆಂಡಿಗೆ ಹೊಸದಲ್ಲ, ಇದು ಆ ದೇಶದ ದೊಡ್ಡ ಸ್ಫೋಟಗಳಲ್ಲೂ ಒಂದಲ್ಲ. ಈ ಬಾರಿ ಎಡವಟ್ಟಾದದ್ದು ಗಾಳಿಯಿಂದ. ಆ ದಿನಗಳಲ್ಲಿ ಮೇಲಿನ ಗಾಳಿ ಆಗ್ನೇಯಕ್ಕೆ ಬೀಸುತ್ತಿತ್ತು, ಪಥ ಬದಲಿಸದೆ ದಿನಗಟ್ಟಲೆ ಹಾಗೇ ಬೀಸಿತು. ನುಣ್ಣನೆಯ ಬೂದಿ, ಎತ್ತರದ ಕಂಬ, ಹಟ ಹಿಡಿದ ಗಾಳಿ, ಆ ಗಾಳಿಯ ಕೆಳಗೆ ಜಗತ್ತಿನ ಅತಿ ದಟ್ಟಣೆಯ ಆಕಾಶಗಳಲ್ಲೊಂದು. ನಾಲ್ಕೂ ಕೂಡಿಬಂದವು. ಆರು ದಿನಗಳಲ್ಲಿ ಸುಮಾರು ಒಂದು ಲಕ್ಷ ವಿಮಾನಯಾನಗಳು ರದ್ದಾದವು.

ಬೂದಿಯೆಂಬ ಹೆಸರಿನ ಗಾಜು

ಬೂದಿ ಎಂದರೆ ನಮಗೆ ಬಚ್ಚಲೊಲೆಯದು ನೆನಪಾಗುತ್ತದೆ. ಊದಿದರೆ ಹಾರುವ, ಬೆರಳಿಗೆ ಬೆಣ್ಣೆಯಂತೆ ತಾಗುವ, ಹುಣಸೆಹಣ್ಣಿನ ಜೊತೆ ಪಾತ್ರೆ ತಿಕ್ಕಲು ಒದಗುವ ಬೂದಿ. ಜ್ವಾಲಾಮುಖಿಯದಕ್ಕೆ ಈ ಹೆಸರು ತಕ್ಕದ್ದೇ ಅಲ್ಲ. ಅಲ್ಲಿ ಏನೂ ಉರಿದಿರುವುದಿಲ್ಲ. ಅದು ಬಂಡೆಯ ಪುಡಿ, ಖನಿಜದ ಹರಳು, ಗಾಜಿನ ಚೂರು. ನೀರಿನಲ್ಲಿ ಕರಗದು. ಭೂತಗನ್ನಡಿಯ ಕೆಳಗಿಟ್ಟರೆ ಒಡೆದ ಬಳೆಯ ಅಂಚಿನಂತೆ ಕಾಣುವ ಮೊನೆಗಳು.

ಜೆಟ್ ಎಂಜಿನ್ ಗಾಳಿಯನ್ನು ಮುಂದಿನಿಂದ ಎಳೆದುಕೊಂಡು, ಒತ್ತಿ, ಇಂಧನ ಬೆರೆಸಿ ಉರಿಸಿ, ಹಿಂದಕ್ಕೆ ಉಗಿಯುವ ಯಂತ್ರ. ಗಾಳಿಯ ಜೊತೆ ಈ ಪುಡಿ ಒಳಹೊಕ್ಕರೆ ಮೊದಲು ಮುಂಭಾಗದ ಅಲಗುಗಳನ್ನು ಮರಳುಕಾಗದದಂತೆ ಉಜ್ಜುತ್ತದೆ. ಮುಂದೆ ಉರಿಯುವ ಕೋಣೆ. ಅಲ್ಲಿಯ ಶಾಖ 1,400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಬೂದಿ ಕರಗಲು 1,100ರ ಆಸುಪಾಸಿನ ಶಾಖ ಸಾಕು. ಕರಗಿದ ಗಾಜು ಹಿಂದಿನ ಟರ್ಬೈನ್ ಅಲಗುಗಳ ಮೇಲೆ ಹೋಗಿ ಕೂರುತ್ತದೆ. ಆ ಅಲಗುಗಳು ಅಷ್ಟು ಶಾಖವನ್ನು ತಡೆದುಕೊಂಡಿರುವುದೇ ಮೈತುಂಬ ಇರುವ ಸೂಜಿಮೊನೆಯಂಥ ರಂಧ್ರಗಳಿಂದ ಹೊಮ್ಮುವ ತಂಪುಗಾಳಿಯ ಬಲದಿಂದ. ಗಾಜು ಆ ರಂಧ್ರಗಳನ್ನು ಮೆತ್ತಿದರೆ ಅಲಗಿಗೆ ಉಸಿರು ಕಟ್ಟಿದಂತೆ. ದಾರಿ ಕಿರಿದಾಗಿ ಒಳಗಾಳಿಯ ಹರಿವು ಕೆಟ್ಟರೆ ಎಂಜಿನ್ ನಿಂತೇಹೋಗುತ್ತದೆ.

ಇದು ಊಹೆಯ ಮಾತಲ್ಲ. 1982ರ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಇಂಡೋನೇಷ್ಯಾದ ಜಾವಾ ದ್ವೀಪದ ಬಳಿ ಹಾರುತ್ತಿತ್ತು. ಲಂಡನ್ನಿನಿಂದ ಹೊರಟು ಮುಂಬೈ, ಮದ್ರಾಸ್, ಕ್ವಾಲಾಲಂಪುರದ ಮೇಲೆ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗುವ ವಿಮಾನ. ಕ್ಯಾಬಿನ್ನಿನಲ್ಲಿ ಹೊಗೆ, ಗಂಧಕದ ವಾಸನೆ. ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಗಲುಂಗುಂಗ್ ಎಂಬ ಜ್ವಾಲಾಮುಖಿ ಕೆಳಗೆ ಸಿಡಿಯುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ, ರೇಡಾರಿನಲ್ಲೂ ಏನೂ ಕಾಣಲಿಲ್ಲ. ವಿಮಾನದ ರೇಡಾರ್ ಮಳೆಹನಿಯನ್ನು ಹುಡುಕುತ್ತದೆ, ಒಣ ಧೂಳು ಅದರ ಕಣ್ಣಿಗೆ ಬೀಳದು. 37,000 ಅಡಿ ಎತ್ತರದಲ್ಲಿ ನಾಲ್ಕೂ ಎಂಜಿನ್‌ಗಳು ಒಂದರ ಹಿಂದೊಂದು ನಿಂತವು. ಸಣ್ಣದೊಂದು ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಚಾಲೂ ಮಾಡಲು ಹೆಣಗುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಕ್ಯಾಪ್ಟನ್ ಎರಿಕ್ ಮೂಡಿ ಶಾಂತವಾಗಿ ಪ್ರಯಾಣಿಕರಿಗೆ ಹೇಳಿದ್ದು ವಿಮಾನಯಾನದ ದಂತಕಥೆಯಾಗಿದೆ.

ತೇಲುತ್ತ ಇಳಿದ ವಿಮಾನ ಬೂದಿಯ ಮೋಡದಿಂದ ಹೊರಬಿದ್ದ ಮೇಲೆ ಎಂಜಿನ್‌ಗಳು ಮತ್ತೆ ಜೀವ ಹಿಡಿದವು. ಬಾಣಲೆಗೆ ಅಂಟಿದ ಬೆಲ್ಲದ ಪಾಕ ತಣಿದ ಮೇಲೆ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಏಳುವುದಿಲ್ಲವೇ? ಹಾಗೆ, ನಿಂತ ಎಂಜಿನ್ ತಣಿದಾಗ ಗಾಜು ಬಿರಿದು ಉದುರಿತ್ತು. 263 ಜನರೂ ಜಕಾರ್ತಾದಲ್ಲಿ ಸುರಕ್ಷಿತವಾಗಿ ಇಳಿದರು. ಬೂದಿ ಉಜ್ಜಿದ ಗಾಜಿನಲ್ಲಿ ಎದುರಿನ ರನ್‌ವೇ ಮಬ್ಬಾಗಿ ಕಾಣುತ್ತಿತ್ತು. ಅಂದಿನಿಂದ ನಾಗರಿಕ ವಿಮಾನಗಳಿಗೆ ಒಂದೇ ನಿಯಮ: ಬೂದಿ ಇದ್ದಲ್ಲಿ ಹಾರಬೇಡ. ಎಷ್ಟಿದ್ದರೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಜನವಸತಿಯಿಂದ ದೂರದ ಜ್ವಾಲಾಮುಖಿಗಳನ್ನು ಸುತ್ತುಹಾಕಿ ಹೋಗುವುದು ಸುಲಭವಾಗಿದ್ದರಿಂದ ಕೇಳುವ ಅಗತ್ಯವೂ ಬರಲಿಲ್ಲ.

ಹಾರಬಾರದೆಂದಲ್ಲ, ಹಾರಬೇಕಿಲ್ಲ

ಯುದ್ಧವಿಮಾನಗಳಿಗೆ ನಾಗರಿಕ ವಿಮಾನಯಾನದ ಬೀಗ ನೇರವಾಗಿ ಅನ್ವಯಿಸುವುದಿಲ್ಲ. ಗಡಿಗೆ ಯಾರಾದರೂ ನುಗ್ಗಿದರೆ ಏಳಲೇಬೇಕು. ಆದರೆ ಸಮರಾಭ್ಯಾಸದ ಲೆಕ್ಕ ಬೇರೆ. ಅದರ ಉದ್ದೇಶವೇ ನಿಜವಾದ ನಷ್ಟವಿಲ್ಲದೆ ಯುದ್ಧ ಕಲಿಯುವುದು. ಆಕಾಶದ ಅಣಕುಕಾಳಗದಲ್ಲಿ ಯಾರಿಗಾದರೂ ಅಪಾಯದ ಸುಳಿವು ಸಿಕ್ಕರೆ ‘ನಾಕ್ ಇಟ್ ಆಫ್’ ಎಂದು ರೇಡಿಯೋದಲ್ಲಿ ಕೂಗುತ್ತಾರೆ, ಆ ಕ್ಷಣಕ್ಕೆ ಆಟ ನಿಲ್ಲುತ್ತದೆ. 2010ರಲ್ಲಿ ಬೆಟ್ಟವೇ ಆ ಕೂಗು ಹಾಕಿತ್ತು.

ಎಂಜಿನ್ ಒಂದೇ ಇರುವ ವಿಮಾನಕ್ಕೆ ಅಳುಕು ಇನ್ನೂ ಹೆಚ್ಚು. ಹಾರ್ನೆಟ್‌ಗೆ ಎರಡಿವೆ; ಎಫ್‌-16ಕ್ಕೆ ಒಂದೇ. ಏಪ್ರಿಲ್ 19ರಂದು ನ್ಯಾಟೋದ ಎಫ್‌-16 ಒಂದರ ಎಂಜಿನ್ನಿನಲ್ಲಿ ಗಾಜಿನಂಥ ಪದರ ಸಿಕ್ಕಿದೆಯೆಂದು ಅಮೆರಿಕದ ಅಧಿಕಾರಿಯೊಬ್ಬರು ಹೇಳಿದಾಗ ಆ ಅಳುಕಿಗೆ ಸಾಕ್ಷಿ ದೊರೆಯಿತು. ಹಾರಾಟ ಮರಳಿ ಆರಂಭಿಸಿದ ಬ್ರಿಟನ್ನಿನ ಟೈಫೂನ್‌ಗಳ ಎಂಜಿನ್‌ನಲ್ಲೂ ಏಪ್ರಿಲ್ 22ರ ಹೊತ್ತಿಗೆ ಬೂದಿ ಸಿಕ್ಕಿ ತರಬೇತಿ ಮತ್ತೆ ನಿಂತಿತು. ಇದು ನಮಗೆ ದೂರದ ಸಂಗತಿಯಲ್ಲ. ಫಿನ್ಲೆಂಡಿನ ಹಾರ್ನೆಟ್‌ನಲ್ಲಿದ್ದ ಎಫ್‌404 ಕುಟುಂಬದ ಎಂಜಿನ್ನೇ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್‌ನಲ್ಲೂ ಇದೆ, ಅದರಲ್ಲಿರುವುದೂ ಒಂದೇ.

ಇಂಥ ಅಭ್ಯಾಸವನ್ನು ಮುಂದಿನ ವಾರಕ್ಕೆ ಹಾಕಿಕೊಳ್ಳೋಣ ಎನ್ನುವಂತಿಲ್ಲ. ಹಡಗುಗಳಿಗೆ ಮುಂದಿನ ಪಯಣ ಕಾದಿರುತ್ತದೆ, ಗುಂಡು ಹಾರಿಸುವ ಬಯಲು ಬೇರೆಯವರಿಗೆ ನಿಗದಿಯಾಗಿರುತ್ತದೆ, ಅತಿಥಿ ದೇಶಗಳ ಸೈನಿಕರು ಮನೆಗೆ ಮರಳಬೇಕಿರುತ್ತದೆ. ತಪ್ಪಿದ ಹಾರಾಟ ತಪ್ಪಿದಂತೆಯೇ. ಸ್ಕಾಟ್ಲೆಂಡಿನ ಕಡಲಲ್ಲಿ ತರಬೇತಿಯಲ್ಲಿದ್ದ ಎಚ್‌ಎಂಎಸ್ ಆರ್ಕ್ ರಾಯಲ್ ನೌಕೆಗೆ ಬಂದ ಹೊಸ ಆದೇಶವಂತೂ ನಗೆ ತರಿಸುವಂಥದ್ದು. ಬ್ರಿಟನ್ನಿನ ಅಂದಿನ ಪ್ರಧಾನಿ ಗಾರ್ಡನ್ ಬ್ರೌನ್ ಏಪ್ರಿಲ್ 19ರಂದು ಅದನ್ನೂ ಇನ್ನೆರಡು ಯುದ್ಧನೌಕೆಗಳನ್ನೂ ಯುರೋಪಿನಲ್ಲಿ ಸಿಕ್ಕಿಹಾಕಿಕೊಂಡ ಪ್ರಜೆಗಳನ್ನು ಕರೆತರುವ ಕೆಲಸಕ್ಕೆ ಗೊತ್ತುಮಾಡಿದರು. ವಿಮಾನಗಳನ್ನು ಹೊರಲೆಂದೇ ಕಟ್ಟಿದ ಹಡಗು, ವಿಮಾನಗಳು ಹಾರುವುದಿಲ್ಲವೆಂಬ ಕಾರಣಕ್ಕೆ ಜನರನ್ನು ಹೊರಲು ಹೊರಟಿತ್ತು! ಅಷ್ಟರಲ್ಲಿ ಆಕಾಶ ತೆರೆದದ್ದರಿಂದ ಆರ್ಕ್ ರಾಯಲ್‌ಗೆ ಆ ಕೆಲಸ ಬೀಳಲಿಲ್ಲ. ಎಚ್‌ಎಂಎಸ್ ಆಲ್ಬಿಯನ್ ಮಾತ್ರ ಸ್ಪೇನಿನ ಸಾಂತಾಂದೇರ್ ಬಂದರಿನಿಂದ ಅಫ್ಘಾನಿಸ್ತಾನದಿಂದ ಮರಳುತ್ತಿದ್ದ ಸೈನಿಕರನ್ನೂ ನಾಗರಿಕರನ್ನೂ ತುಂಬಿಕೊಂಡು ಬಂತು.

ಸಾಸಿವೆ ಕಾಳಿನ ಲೆಕ್ಕ

ಬೂದಿ ಎಲ್ಲಿದೆಯೆಂದು ಹೇಳುವ ಹೊಣೆ ಜಗತ್ತಿನ ಒಂಬತ್ತು ಸಲಹಾ ಕೇಂದ್ರಗಳದು. ಐಸ್‌ಲೆಂಡ್ ಸೇರುವುದು ಲಂಡನ್ ಕೇಂದ್ರಕ್ಕೆ, ಅದನ್ನು ನಡೆಸುವುದು ಬ್ರಿಟನ್ನಿನ ಹವಾಮಾನ ಇಲಾಖೆ. ಚೆರ್ನೊಬಿಲ್ ದುರಂತದ ನಂತರ ವಿಕಿರಣದ ಮೋಡದ ಜಾಡು ಹಿಡಿಯಲೆಂದು ಅವರು ಬರೆದ ಕಂಪ್ಯೂಟರ್ ಮಾದರಿಯೇ ಈಗ ಬೂದಿಯ ಜಾಡನ್ನೂ ಹಿಡಿಯುತ್ತಿತ್ತು. ಗಾಳಿಯ ಲೆಕ್ಕ ಅದಕ್ಕೆ ಚೆನ್ನಾಗಿ ಬರುತ್ತಿತ್ತು. ತೊಡಕಿದ್ದದ್ದು ಬೆಟ್ಟದ ಬಾಯಿಯಲ್ಲಿ: ಎಷ್ಟು ಬೂದಿ ಹೊರಬೀಳುತ್ತಿದೆ?

ಅದನ್ನು ತೂಗುವವರಾರು? ಬೂದಿಯ ಕಂಬ ಎಷ್ಟು ಎತ್ತರ ಏರಿದೆಯೆಂದು ನೋಡಿ ಅಂದಾಜು ಮಾಡುತ್ತಾರೆ. ಐಸ್‌ಲೆಂಡಿನಲ್ಲಿ ಆಗ ಅದನ್ನು ನೋಡಬಲ್ಲ ಹವಾಮಾನ ರೇಡಾರ್ ಒಂದೇ, ಅದೂ ಬೆಟ್ಟದಿಂದ ಸುಮಾರು 155 ಕಿಲೋಮೀಟರ್ ದೂರದ ಕೆಫ್ಲಾವಿಕ್‌ನಲ್ಲಿತ್ತು. ಈ ಲೆಕ್ಕದ ಸ್ವಭಾವವೂ ತುಂಟ. ಬೂದಿಯ ಪ್ರಮಾಣ ಎತ್ತರದ ಸುಮಾರು ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಎತ್ತರದ ಅಂದಾಜು ನೂರಕ್ಕೆ ಹತ್ತರಷ್ಟು ತಪ್ಪಿದರೆ ಬೂದಿಯ ಲೆಕ್ಕ ಸುಮಾರು ಅರ್ಧದಷ್ಟು ತಪ್ಪುತ್ತದೆ. ಹೀಗೆ ಹುಟ್ಟಿದ ಭೂಪಟದಲ್ಲಿ ಯುರೋಪಿನ ಮೇಲೆ ಕಪ್ಪು ಬಳಿದಿತ್ತು. ಆದರೆ ಆ ಕಪ್ಪಿನೊಳಗೆ ಎಲ್ಲಿ ದಟ್ಟ, ಎಲ್ಲಿ ತೆಳು ಎಂಬ ಮಾತಿಗೆ ಗಟ್ಟಿ ಆಧಾರವಿರಲಿಲ್ಲ. ಒಂದು ಕಣವಿದ್ದರೂ ಹಾರಬೇಡವೆಂಬ ನಿಯಮವಿದ್ದಾಗ ದಟ್ಟ ತೆಳುವಿನ ಭೇದ ಯಾರಿಗೆ ಬೇಕಿತ್ತು?

ಹಾಗಾಗಿ ಏಪ್ರಿಲ್ 15ರಂದು, ದುಬಾರಿ ಯುದ್ಧವಿಮಾನಗಳು ನೆಲ ಕಚ್ಚಿದ್ದಾಗ, ಅಳೆಯುವ ಸಲಕರಣೆ ಹೊತ್ತು ಬ್ರಿಟನ್ನಿನ ಆಕಾಶಕ್ಕೇರಿದ್ದು ಸಂಶೋಧನೆಯ ಪುಟ್ಟ ಡಾರ್ನಿಯರ್-228. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಪರವಾನಗಿ ಪಡೆದು ಕಟ್ಟುವ ಮಾದರಿಯೇ ಅದು. ಜರ್ಮನಿಯ ಸಂಶೋಧನಾ ವಿಮಾನ ಫಾಲ್ಕನ್‌ಗೆ ಸಲಕರಣೆ ಜೋಡಿಸಿ ಹಾರಿಸುವಷ್ಟರಲ್ಲಿ 19ನೇ ತಾರೀಖಾಯಿತು. ಆ ವಾರ ಯುರೋಪಿಗೆ ಬಾಂಬರ್‌ಗಿಂತ ತಕ್ಕಡಿಯ ಕೊರತೆ ಹೆಚ್ಚಾಗಿ ಕಾಡಿತ್ತು.

ಕೊನೆಗೆ ಏಪ್ರಿಲ್ 20ರಂದು, ಎಂಜಿನ್ ತಯಾರಕರೊಡನೆ ಕೂತು ಮಾತನಾಡಿದ ಮೇಲೆ, ಬ್ರಿಟನ್ ಒಂದು ಗೆರೆ ಎಳೆಯಿತು. ಒಂದು ಘನ ಮೀಟರ್ ಗಾಳಿಯಲ್ಲಿ ಎರಡು ಮಿಲಿಗ್ರಾಂ ಬೂದಿಯವರೆಗೆ, ತಪಾಸಣೆ ಹೆಚ್ಚಿಸಿ, ಹಾರಬಹುದು. ಎರಡು ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಸಣ್ಣ ಸಾಸಿವೆ ಕಾಳಿನ ತೂಕ. ಇಷ್ಟೇ ತಾನೇ ಅನ್ನಿಸಬಹುದು. ಸೆಕೆಂಡಿಗೆ ಐವತ್ತು ಘನ ಮೀಟರ್ ಗಾಳಿ ಎಳೆಯುವ ಎಂಜಿನ್ ಆ ಗೆರೆಯ ಮೇಲೆಯೇ ಒಂದು ಗಂಟೆ ಹಾರಿದರೆ ನುಂಗುವುದು ಸುಮಾರು 360 ಗ್ರಾಂ ಗಾಜಿನ ಪುಡಿ. ಗೆರೆ ಸರಿಯೋ ತಪ್ಪೋ ಎಂಬ ವಾದ ಮುಂದೆಯೂ ನಡೆಯಿತು. ಆದರೂ ‘ಇದೆಯೋ ಇಲ್ಲವೋ’ ಎಂಬ ಪ್ರಶ್ನೆ ‘ಎಷ್ಟಿದೆ’ ಎಂದು ಬದಲಾದ ರಾತ್ರಿಯೇ ಬ್ರಿಟನ್ನಿನ ಆಕಾಶ ತೆರೆಯಿತು. ಬೆಟ್ಟ ಇನ್ನೂ ಬೂದಿ ಉಗುಳುತ್ತಲೇ ಇತ್ತು.

ಮನೆ ಬಿಟ್ಟು ಹೋದ ಸಮರಾಭ್ಯಾಸ

ಅಳತೆ ಮೊದಲೇ ಸಿಕ್ಕಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಜ್ವಾಲಾಮುಖಿಯ ಕಥೆ ಇದೆ. ಫಿಲಿಪೀನ್ಸಿನ ಕ್ಲಾರ್ಕ್ ವಾಯುನೆಲೆಯಲ್ಲಿ ಅಮೆರಿಕ 1976ರಿಂದ ‘ಕೋಪ್ ಥಂಡರ್’ ಎಂಬ ವಾಯು ಸಮರಾಭ್ಯಾಸ ನಡೆಸುತ್ತಿತ್ತು. ಪೆಸಿಫಿಕ್ ವಲಯದ ಮಿತ್ರ ದೇಶಗಳ ಪೈಲಟ್‌ಗಳಿಗೆ ಅದು ಕಾಳಗದ ಗರಡಿಮನೆ. ಆ ನೆಲೆಯಿಂದ 25 ಕಿಲೋಮೀಟರ್ ಒಳಗೇ ಇದ್ದ ಪಿನಾಟುಬೊ ಬೆಟ್ಟ ಸುಮಾರು ಐನೂರು ವರ್ಷ ಮಲಗಿತ್ತು. 1991ರ ವಸಂತದಲ್ಲಿ ಮಗ್ಗುಲು ಬದಲಿಸಿತು. ಫಿಲಿಪೀನ್ಸ್ ಮತ್ತು ಅಮೆರಿಕದ ಭೂವಿಜ್ಞಾನಿಗಳು ಕಂಪನಮಾಪಕ ನೆಟ್ಟು, ಹೊರಬೀಳುವ ಗಂಧಕದ ಅನಿಲವನ್ನು ಅಳೆಯುತ್ತ ಕಾದರು. ಅವರ ಮಾತು ನಂಬಿ ಜೂನ್ 10ರಂದು ಕ್ಲಾರ್ಕ್ ನೆಲೆಯಿಂದ ಸುಮಾರು 14,500 ಜನರನ್ನು ಸಾಗಿಸಲಾಯಿತು. ಐದೇ ದಿನಕ್ಕೆ, ಜೂನ್ 15ರಂದು, ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದು ನಡೆಯಿತು. ಅದೇ ದಿನ ಯುನ್ಯಾ ಚಂಡಮಾರುತವೂ ಅಪ್ಪಳಿಸಿತು. ಮಳೆಯಲ್ಲಿ ನೆಂದ ಬೂದಿ ಸಿಮೆಂಟಿನಂತೆ ಭಾರವಾಗಿ ಸೂರುಗಳನ್ನು ಕೆಡವಿತು.

ನೆಲೆಯ ಜನ ಉಳಿದರು, ನೆಲೆ ಉಳಿಯಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಕ್ಲಾರ್ಕ್ ಬಿಟ್ಟು ಹೊರಟಿತು. ಕೋಪ್ ಥಂಡರ್ 1992ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಲಾಸ್ಕಾದ ಐಲ್ಸನ್ ನೆಲೆಗೆ ಹೋಯಿತು, 2006ರಲ್ಲಿ ‘ರೆಡ್ ಫ್ಲ್ಯಾಗ್ ಅಲಾಸ್ಕಾ’ ಎಂದು ಹೆಸರಾಯಿತು. 2004ರಲ್ಲಿ ಭಾರತದ ವಾಯುಪಡೆ ಜಾಗ್ವಾರ್ ವಿಮಾನಗಳೊಂದಿಗೆ ಮೊದಲ ಬಾರಿ ಅಲ್ಲಿಗೆ ಹೋದದ್ದು ಸುದ್ದಿಯಾಗಿತ್ತು. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಜಾಗ್ವಾರ್‌ಗಳು ಕಾಳಗ ಕಲಿಯಲು ಉಷ್ಣವಲಯದ ದ್ವೀಪದ ಬದಲು ಹಿಮದ ನಾಡಿಗೆ ಹೋಗಬೇಕಾಯಿತೆಂದರೆ, ಅದರ ಹಿಂದೆ ಪಿನಾಟುಬೊ ಇದೆ.

ಅಭ್ಯಾಸದ ಪಟ್ಟಿಗೆ ಬೆಟ್ಟವೂ ಸೇರಿತು

2011ರ ಏಪ್ರಿಲ್ 13 ಮತ್ತು 14ರಂದು ಯುರೋಪಿನಲ್ಲಿ ಇನ್ನೊಂದು ಅಭ್ಯಾಸ ನಡೆಯಿತು. ಅದರಲ್ಲಿ ಒಂದೂ ವಿಮಾನ ಏಳಲಿಲ್ಲ. ಹವಾಮಾನ ಕೇಂದ್ರಗಳು, ಸಂಚಾರ ನಿಯಂತ್ರಕರು, 70ಕ್ಕೂ ಹೆಚ್ಚು ವಿಮಾನಯಾನ ಸಂಸ್ಥೆಗಳು ಮೇಜಿನ ಮುಂದೆ ಕೂತು, ಐಸ್‌ಲೆಂಡಿನ ಗ್ರಿಮ್ಸ್‌ವೋಟ್ನ್ ಜ್ವಾಲಾಮುಖಿ ಸ್ಫೋಟಿಸಿದೆಯೆಂದು ನಟಿಸಿ ನಕಾಶೆ, ಸಂದೇಶ, ನಿರ್ಧಾರಗಳನ್ನು ಹಂಚಿಕೊಂಡರು. ಐದು ವಾರ ಕಳೆದು ಮೇ 21ರಂದು ಗ್ರಿಮ್ಸ್‌ವೋಟ್ನ್ ನಿಜವಾಗಿಯೇ ಸ್ಫೋಟಿಸಿತು! ಬೂದಿ 20 ಕಿಲೋಮೀಟರ್ ಎತ್ತರಕ್ಕೇರಿತು, ಹಿಂದಿನ ವರ್ಷದ್ದಕ್ಕಿಂತ ಬಲವಾದ ಸ್ಫೋಟ. ರದ್ದಾದ ಹಾರಾಟಗಳು ಮಾತ್ರ ಸುಮಾರು 900. ದಪ್ಪ ಕಣ, ಬೇಗ ತಣಿದ ಬೆಟ್ಟ ಕೈಹಿಡಿದವು ನಿಜ; ಒಂದು ವರ್ಷದಲ್ಲಿ ಕಲಿತ ‘ಎಷ್ಟು’ ಎಂಬ ಪಾಠವೂ ಒದಗಿತು.

ಪಟ್ಟಿ ಎಷ್ಟೇ ಉದ್ದವಾದರೂ ಅದರಲ್ಲಿಲ್ಲದ ಬೆಟ್ಟ ಇದ್ದೇ ಇರುತ್ತದೆ. 2025ರ ನವೆಂಬರ್ 23ರಂದು ಇಥಿಯೋಪಿಯಾದಲ್ಲಿ, ಸಾವಿರಾರು ವರ್ಷಗಳಿಂದ ಸಿಡಿದ ದಾಖಲೆಯಿಲ್ಲದ ಹೈಲಿ ಗುಬ್ಬಿ ಬಾಯ್ತೆರೆಯಿತು. ಬೂದಿ ಕೆಂಪು ಸಮುದ್ರ ದಾಟಿ, ಯೆಮನ್, ಒಮಾನ್‌ಗಳ ಮೇಲೆ ಹಾದು, ಮರುದಿನ ರಾತ್ರಿ ದೆಹಲಿಯ ಆಕಾಶ ತಲುಪಿತು. ಕೆಲವು ಹಾರಾಟಗಳು ರದ್ದಾದವು. ಬೂದಿ ಬರುವ ಮುನ್ನವೇ ಬಂದಿದ್ದ ಸರ್ಕಾರಿ ಸೂಚನೆಯಲ್ಲಿ ಪೈಲಟ್‌ಗಳಿಗೆ ಒಂದು ಮಾತಿತ್ತು: ಎಂಜಿನ್ ಏರುಪೇರಾದರೆ, ಕ್ಯಾಬಿನ್ನಿನಲ್ಲಿ ಹೊಗೆಯೋ ವಾಸನೆಯೋ ಬಂದರೆ ಕೂಡಲೇ ತಿಳಿಸಿ.

ಅದೇ ವಾಸನೆ 1982ರ ಆ ರಾತ್ರಿ, ಮದ್ರಾಸಿನ ಮೂಲಕ ಬಂದಿದ್ದ ವಿಮಾನದೊಳಗೂ ತುಂಬಿತ್ತು. ಮೂಗಿಗೆ ಬಡಿದಿತ್ತು, ಏನೆಂದು ಹೇಳುವವರಿರಲಿಲ್ಲ.